ಪೆಲ್ಬರಿಯ ಹಂದಿ ಪಾರುಪತ್ಯ

ಇಂಗ್ಲೆಂಡಿನ ರಾಜನ ಮೇಲೆ ಎಂಟು ವರ್ಷ ಯುದ್ಧ ಮಾಡಿ, ಅವನ ಸೈನ್ಯವನ್ನು ಹಡಗು ಹತ್ತಿಸಿ ಕಳಿಸಿದ ಮೇಲೆ, ನ್ಯೂ ಹ್ಯಾಂಪ್‌ಶೈರಿನ ಪೆಲ್ಬರಿ ಎಂಬ ಊರಿನಲ್ಲಿ ಎಲ್ಕಾನಾ ಟ್ರಸ್ಕ್‌ನಿಗೆ ಸಿಟ್ಟು ಮಾಡಲು ಯಾರೂ ಉಳಿಯಲಿಲ್ಲ. ಸಿಟ್ಟು ಮಾತ್ರ ಹಾಗೇ ಉಳಿಯಿತು. ಐದು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ ಮನುಷ್ಯ ಅವನು.

ಎಲ್ಕಾನಾ ಪೀಪಾಯಿ ಕಟ್ಟುವವನು. ಐವತ್ತೆರಡು ವರ್ಷ. ಅವನು ಕಟ್ಟಿದ ಪೀಪಾಯಿ ಸೋರುವುದಿಲ್ಲ ಎಂದು ಊರೆಲ್ಲ ಒಪ್ಪುತ್ತಿತ್ತು. ಬಾಯಿಯ ಬಗ್ಗೆ ಆ ಮಾತು ಯಾರೂ ಹೇಳುತ್ತಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ದೊಡ್ಡವರೆಲ್ಲ ಬಾಗಿಲು ಹಾಕಿಕೊಂಡು ಬರೆದ ಹೊಸ ಸಂವಿಧಾನ ಪತ್ರಿಕೆಯಲ್ಲಿ ಅಚ್ಚಾಗಿ ಬಂದ ದಿನದಿಂದ ಆ ನಾಲ್ಕು ಪುಟ ಅವನ ಅಂಗಿಯೊಳಗೇ ವಾಸ. ಹೆಂಡದಂಗಡಿಯಲ್ಲಿ ಯಾರಾದರೂ ಸೈಡರ್ ಲೋಟ ಎತ್ತಿದರೆ ಸಾಕು, ಅದು ಹೊರಗೆ ಬರುತ್ತಿತ್ತು.

"ಮೂರು ಅಧಿಕಾರ ಕಣ್ರಯ್ಯಾ! ಕಾನೂನು ಮಾಡೋನು ಬೇರೆ, ನಡೆಸೋನು ಬೇರೆ, ತೀರ್ಪು ಹೇಳೋನು ಬೇರೆ. ಒಬ್ಬನ ಕೈಲಿ ಎರಡು ಸೇರಿಸಿ ಕೊಟ್ರೋ, ಕೆಟ್ರಿ. ಮೂರೂ ಕೊಟ್ರೋ, ಕಿರೀಟ ಒಂದು ತಂದು ನೀವೇ ಅವನ ತಲೆ ಮೇಲಿಡಿ!"

"ಸರಿ ಮಾರಾಯ, ಲೋಟ ಇಳಿಸೋಕೆ ಬಿಡು," ಎನ್ನುತ್ತಿದ್ದರು ಜನ.

ಆ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ರಾಜ್ಯದ ಪ್ರತಿನಿಧಿಗಳು ಫೆಬ್ರವರಿಯಲ್ಲಿ ಸೇರಿ, ಹತ್ತು ದಿನ ಜಗಳವಾಡಿ, ಜೂನ್ ತಿಂಗಳಲ್ಲಿ ಕಾಂಕರ್ಡ್ ಪಟ್ಟಣದಲ್ಲಿ ಮತ್ತೆ ಸೇರೋಣ ಎಂದು ಎದ್ದಿದ್ದರು. ಪೆಲ್ಬರಿಯ ಪ್ರತಿನಿಧಿಯಾಗಿದ್ದ ಮುದುಕ ಹಿಂದಿರುಗುವಾಗ ಚಳಿ ಹತ್ತಿ ಹಾಸಿಗೆ ಹಿಡಿದ. ಅವನ ಜಾಗಕ್ಕೆ ಇನ್ನೊಬ್ಬ ಬೇಕಾಗಿತ್ತು. ಇಡೀ ಊರಿನಲ್ಲಿ ಆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ತಾನೊಬ್ಬನೇ ಎಂದ ಮೇಲೆ ಇನ್ನಾರನ್ನು ಕಳಿಸುತ್ತಾರೆ ಎಂದು ಎಲ್ಕಾನಾ ನಿಶ್ಚಿಂತನಾಗಿದ್ದ.

ಜನವರಿಯಲ್ಲಷ್ಟೇ ಅವನು ವಿಧವೆ ಕೆಜಾಯಳನ್ನು ಮದುವೆಯಾಗಿದ್ದ. ಮದುವೆಯಾದ ಎರಡೇ ತಿಂಗಳಿಗೆ, "ಜೂನ್‌ನಲ್ಲಿ ನಿನ್ನ ಗಂಡ ಕಾಂಕರ್ಡ್‌ನಲ್ಲಿ ನಿಂತು ದೇಶ ಕಟ್ತಾನೆ, ನೋಡ್ತಿರು," ಎಂದು ಮಾತು ಕೊಟ್ಟಿದ್ದ. ಕೆಜಾಯ ಆ ಮಾತನ್ನು ನಂಬಿ, ಸತ್ತ ಮೊದಲ ಗಂಡನ ನೀಲಿ ನಿಲುವಂಗಿಯನ್ನು ಬಿಚ್ಚಿ, ಈ ಗಂಡನ ಅಳತೆಗೆ ಹಿತ್ತಾಳೆ ಗುಂಡಿಯ ಕೋಟು ಹೊಲಿದಿಟ್ಟಳು. ಅವಳು ತವರಿನಿಂದ ತಂದದ್ದು ಎರಡೇ: ಒಂದು ಕಬ್ಬಿಣದ ಬಾಣಲೆ, ಮತ್ತು ದೊರೆಸಾನಿ ಎಂಬ ಹೆಸರಿನ ಬಿಳೀ ಹೆಣ್ಣು ಹಂದಿ. ದೊರೆಗಳನ್ನು ಓಡಿಸಿದ ದೇಶದಲ್ಲಿ ಈ ಹೆಸರೇನು ಎಂದು ಎಲ್ಕಾನಾ ಮೊದಲ ದಿನವೇ ಹಾರಾಡಿದ್ದ. ಹೆಸರು ಬದಲಾಗಲಿಲ್ಲ.

ಪಕ್ಕದ ಮನೆಯವನು ಚರ್ಚಿನ ಹಿರಿಯ, ಡೀಕನ್ ಶೂಬಲ್ ಗಿಲ್. ದೇವಾಲಯದಲ್ಲಿ ಮೊದಲ ಸಾಲು, ಊಟದಲ್ಲಿ ಎರಡನೇ ಸುತ್ತು, ಮಾತಿನಲ್ಲಿ ಬೆಣ್ಣೆ. ಹೆಂಡತಿ ಸತ್ತು ನಾಲ್ಕು ವರ್ಷವಾಗಿತ್ತು. ಎಲ್ಕಾನಾನ ಮದುವೆಯ ದಿನ, "ಈ ವಯಸ್ಸಿನಲ್ಲಿ ಇದೆಲ್ಲಾ ಬೇಕಿತ್ತೇನಯ್ಯಾ? ನನ್ನನ್ನ ನೋಡು, ಎಷ್ಟು ಹಾಯಾಗಿದ್ದೀನಿ," ಎಂದು ಎಲ್ಲರೆದುರು ಹೇಳಿ, ಮದುವೆಯ ಕೇಕನ್ನು ಮೂರು ಸಲ ತಿಂದಿದ್ದ.

ಮಾರ್ಚ್‌ನ ಎರಡನೇ ಮಂಗಳವಾರ ಊರ ಸಭೆ. ಎಲ್ಕಾನಾ ನೀಲಿ ಕೋಟು ತೊಟ್ಟು ಹೊರಟ. ಎರಡು ವಾರದಿಂದ ಪೀಪಾಯಿ ಕೊಟ್ಟಿಗೆಯಲ್ಲಿ ನಿಂತು ಖಾಲಿ ಪೀಪಾಯಿಗಳೆದುರು ಭಾಷಣ ಅಭ್ಯಾಸ ಮಾಡಿದ್ದ: "ಹದಿಮೂರು ರಾಜ್ಯ ಅಂದ್ರೆ ಹದಿಮೂರು ಹಲಗೆ, ಮಹನೀಯರೇ! ಬಿಡಿಬಿಡಿಯಾಗಿ ಒಲೆಗೆ ಹಾಕಬಹುದು. ಸುತ್ತ ಒಂದು ಬಳೆ ಬಿಗಿದ್ರೆ ಸಮುದ್ರಾನೇ ತುಂಬಬಹುದು!" ಕೊನೆಯ ಮಾತಿಗೆ ಸುತ್ತಿಗೆಯಿಂದ ಪೀಪಾಯಿಗೆ ಒಂದು ಏಟು. ಬೇಲಿಯಾಚೆ ಡೀಕನ್ ದಿನವೂ ಸೌದೆ ಒಡೆಯುತ್ತಿದ್ದವನು, ಆ ಏಟು ಬೀಳುವಾಗ ಕೊಡಲಿ ನಿಲ್ಲಿಸಿ ಕೇಳುತ್ತಿದ್ದ.

ಸಭಾಪತಿ ಕ್ಯಾಪ್ಟನ್ ಏಜರ್ ಪ್ಲಿಮ್ಲಿ. ಯುದ್ಧದಲ್ಲಿ ಒಂದು ಕಿವಿ ಕೆಟ್ಟಿತ್ತು. ಯಾವ ಕಿವಿ ಎಂಬುದು ಸಂದರ್ಭ ನೋಡಿಕೊಂಡು ಬದಲಾಗುತ್ತಿತ್ತು. ಪ್ರತಿನಿಧಿಯ ಆಯ್ಕೆಗೆ ಮೊದಲು ಊರಿನ ಸಣ್ಣಪುಟ್ಟ ಹುದ್ದೆಗಳ ಪಟ್ಟಿ ಮುಗಿಯಬೇಕು. ಬೇಲಿ ನೋಡುವವರು ಇಬ್ಬರು, ಸೌದೆ ಅಳೆಯುವವನು ಒಬ್ಬ, ದೊಡ್ಡಿ ಕಾಯುವವನು ಒಬ್ಬ. ಆಮೇಲೆ ಕ್ಯಾಪ್ಟನ್ ಕನ್ನಡಕ ಸರಿಮಾಡಿಕೊಂಡು, "ಹಂದಿ ಪಾರುಪತ್ಯಗಾರ," ಎಂದ.

ಇಡೀ ಸಭೆ ಹಲ್ಲು ಬಿಟ್ಟಿತು.

ಬೀದಿಯಲ್ಲಿ ತಿರುಗುವ ಹಂದಿಗಳ ಮೂಗಿಗೆ ತಂತಿಯ ಬಳೆ ಇದೆಯೇ, ಕೊರಳಿಗೆ ಮರದ ನೊಗ ಇದೆಯೇ ಎಂದು ನೋಡಿ, ಇಲ್ಲದ್ದನ್ನು ಹಿಡಿದು ದೊಡ್ಡಿಗೆ ತಳ್ಳುವ ಕೆಲಸ ಅದು. ವರ್ಷದೊಳಗೆ ಮದುವೆಯಾದ ಗಂಡಸರನ್ನೇ ಅದಕ್ಕೆ ಆರಿಸುವುದು ಆ ಕಡೆಯ ಎಲ್ಲ ಊರುಗಳ ಪದ್ಧತಿ. ಮದುವಣಿಗನನ್ನು ಕೆಸರಿನಲ್ಲಿ ಓಡಿಸಿ ನೋಡುವ ಸುಖ ಊರಿಗೆ. ಇಪ್ಪತ್ತರ ಹುಡುಗರಾದರೆ ನಕ್ಕು ಓಡುತ್ತಾರೆ. ಆ ವರ್ಷ ಚಳಿಗೋ ಬಡತನಕ್ಕೋ ಪೆಲ್ಬರಿಯಲ್ಲಿ ಮದುವೆಯಾದವನು ಒಬ್ಬನೇ.

"ಎಲ್ಕಾನಾ ಟ್ರಸ್ಕ್!" ಎಂದು ನಲವತ್ತು ಗಂಟಲು ಒಟ್ಟಿಗೆ ಕೂಗಿದವು.

ಎಲ್ಕಾನಾ ಬೆಂಚಿನ ಮೇಲೆ ಹತ್ತಿ ನಿಂತ. "ನನ್ನ ಒಪ್ಪಿಗೆ ಯಾರು ಕೇಳಿದ್ರು? ಆಳಿಸಿಕೊಳ್ಳೋನ ಒಪ್ಪಿಗೆ ಇಲ್ದೆ ಅಧಿಕಾರ ಇಲ್ಲ ಅಂತ ತಾನೆ ನಾವು ರಾಜನನ್ನ ಓಡಿಸಿದ್ದು?"

"ನೀನು ಆಳಿಸಿಕೊಳ್ತಿಲ್ಲವಲ್ಲಯ್ಯಾ," ಎಂದ ಕ್ಯಾಪ್ಟನ್. "ನೀನು ಆಳ್ತಿದ್ದೀಯ. ಒಪ್ಪಿಗೆ ಕೇಳಬೇಕಾದ್ದು ಹಂದಿಗಳನ್ನ."

ನಗು ಇಳಿಯುವಷ್ಟರಲ್ಲಿ ಪ್ರಮಾಣವಚನ ಮುಗಿದಿತ್ತು. ಎಲ್ಕಾನಾ ಹಲ್ಲು ಕಚ್ಚಿ ಸಹಿಸಿಕೊಂಡ. ಮುಂದಿನ ವಿಷಯ ಪ್ರತಿನಿಧಿಯದು, ಅದು ಸಿಕ್ಕರೆ ಹಂದಿಗಳನ್ನು ಯಾರು ಲೆಕ್ಕಕ್ಕಿಡುತ್ತಾರೆ? ಕ್ಯಾಪ್ಟನ್ ಕೇಳಿದ ತಕ್ಷಣ ಎದ್ದು, ಗಂಟಲು ಸರಿಮಾಡಿ, "ಹದಿಮೂರು ಹಲಗೆ, ಮಹನೀಯರೇ," ಎಂದು ಶುರು ಮಾಡಿದ.

"ಒಂದು ಸಣ್ಣ ಸಂದೇಹ," ಎಂದು ಡೀಕನ್ ನಿಧಾನವಾಗಿ ಎದ್ದ. "ಎಲ್ಕಾನಾ ನಮಗೆಲ್ಲ ಗುರು ಇದ್ದ ಹಾಗೆ. ಒಬ್ಬನ ಕೈಲಿ ಎರಡು ಅಧಿಕಾರ ಕೊಟ್ರೆ ಕೆಟ್ರಿ ಅಂತ ನೂರು ಸಲ ಹೇಳಿದ್ದಾನೆ. ಈಗ ಅವನು ಕಾನೂನು ನಡೆಸೋನು, ಹಂದಿ ಪಾರುಪತ್ಯಗಾರ. ಕಾಂಕರ್ಡ್‌ಗೆ ಹೋದ್ರೆ ಕಾನೂನು ಮಾಡೋನೂ ಆಗ್ತಾನೆ. ನನಗೇನೋ ಭಯ ಆಗುತ್ತಪ್ಪ."

"ಅಯ್ಯೋ ಮುಂಡೇದೇ, ಅದು ಹಂದಿ ಕಣೋ!" ಎಂದು ಎಲ್ಕಾನಾ ಅರಚಿದ.

"ಅಧಿಕಾರ ಅಂದ್ರೆ ಅಧಿಕಾರವೇ ಅಂತಲೂ ನೀನೇ ಹೇಳಿದ್ದು."

ಹೇಳಿದ್ದ. ಅದೂ ಇದೇ ಬೆಂಚುಗಳಲ್ಲಿ ಕೂತವರಿಗೆಲ್ಲ, ಒಬ್ಬೊಬ್ಬರ ಅಂಗಿ ಗುಂಡಿ ಹಿಡಿದುಕೊಂಡು ಹೇಳಿದ್ದ. ಜನ ತಲೆಯಾಡಿಸಿದರು. ಕೊನೆಗೆ ಪ್ರತಿನಿಧಿಯ ವಿಷಯವನ್ನು ಮೇ ತಿಂಗಳ ಸಭೆಗೆ ಮುಂದೂಡಿದರು. ಅಷ್ಟರೊಳಗೆ ಪಾರುಪತ್ಯ ಕಳಚಿಕೊಂಡರೆ ಎಲ್ಕಾನಾನ ಹೆಸರು ಪರಿಗಣಿಸಬಹುದು ಎಂದು ಕ್ಯಾಪ್ಟನ್ ತೀರ್ಪು ಕೊಟ್ಟ. ರಾಜೀನಾಮೆ ಕೊಡಲು ಪದ್ಧತಿಯಲ್ಲಿ ಅವಕಾಶವಿರಲಿಲ್ಲ.

ಮನೆಗೆ ಬಂದವನು ಟೊಪ್ಪಿಯನ್ನು ಒಲೆಯ ಕಡೆಗೆ ಎಸೆದ. ಕೆಜಾಯ ಅದನ್ನು ಹುರುಳಿ ಮಡಕೆಯೊಳಗಿಂದ ಎತ್ತಿ ಕೊಡವಿದಳು.

"ಅವರೇ ನನ್ನನ್ನ ಕಿತ್ತು ಹಾಕೋ ಹಾಗೆ ಮಾಡ್ತೀನಿ ಕಣೇ," ಎಂದ ಎಲ್ಕಾನಾ. "ಕಾನೂನು ಬೇಕಾ ಇವರಿಗೆ? ಪೂರ್ತಿ ಕೊಡ್ತೀನಿ. ಒಂದು ಮರಿ ಬಿಡಲ್ಲ. ಮೇ ತಿಂಗಳಿಗೆ ಬಾಯಿ ಬಡ್ಕೊಂಡು ಬಂದು, ನಿಮ್ಮ ಪಾರುಪತ್ಯ ಸಾಕು ಮಹರಾಯರೇ, ಇಳೀರಿ ಅನ್ನಬೇಕು."

"ಅಲ್ರೀ, ಕಿತ್ತು ಹಾಕಿದ ಜನಾನೇ ನಿಮ್ಮನ್ನ ಕಾಂಕರ್ಡ್‌ಗೆ ಆರಿಸ್ತಾರೇನ್ರೀ?"

"ಅದು ಬೇರೆ, ಇದು ಬೇರೆ! ಅಧಿಕಾರಗಳನ್ನ ಬೆರೆಸಬೇಡ!"

ಕೆಜಾಯ ಟೊಪ್ಪಿಗೆ ಅಂಟಿದ ಹುರುಳಿ ಕಾಳನ್ನು ತೆಗೆದು ಮಡಕೆಗೆ ಹಾಕಿದಳು.

ಮರುದಿನದಿಂದ ಪೆಲ್ಬರಿಯ ಹಂದಿಗಳಿಗೆ ಶನಿ ಹೆಗಲೇರಿತು. ನೊಗ ಒಂದು ಬೆರಳು ಗಿಡ್ಡವಾದರೂ ದೊಡ್ಡಿ. ಬಳೆ ತುಕ್ಕು ಹಿಡಿದಿದ್ದರೂ ದೊಡ್ಡಿ. ಗಿರಣಿಯವನ ಹಂದಿ ಗಿರಣಿಯ ಅಂಗಳದಲ್ಲೇ ಮಲಗಿತ್ತು, ಬಾಲ ಮಾತ್ರ ಬೀದಿಗೆ ಚಾಚಿತ್ತು. ಎಲ್ಕಾನಾ ಅದರ ಬಾಲ ಹಿಡಿದೇ ಎಳೆದೊಯ್ದ. "ಬಾಲ ಊರಿಗೆ ಸೇರಿದ ಜಾಗದಲ್ಲಿತ್ತು!" ಎಂದು ಗಿರಣಿಯವನ ಮುಖಕ್ಕೇ ಹೇಳಿದ. ಹೆಂಡದಂಗಡಿಯಲ್ಲಿ ಅವನು ಕೂತ ಬೆಂಚು ಖಾಲಿಯಾಗತೊಡಗಿತು. ಅವನಿಗೆ ಬೇಕಾದ್ದೂ ಅದೇ.

ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಅವನಿಗೆ ಇನ್ನೊಂದು ಬುದ್ಧಿ ಹೊಳೆಯಿತು. ಶನಿವಾರ ಸೂರ್ಯ ಮುಳುಗಿದರೆ ಸಬ್ಬತ್ತಿನ ವಿಶ್ರಾಂತಿ ಶುರು. ಭಾನುವಾರ ಸೂರ್ಯ ಮುಳುಗುವವರೆಗೆ ಪೆಲ್ಬರಿಯಲ್ಲಿ ಒಲೆಯ ಬೂದಿ ತೆಗೆಯುವುದೂ ಪಾಪ. ಹಂದಿ ಬಿಡಿಸಿಕೊಳ್ಳುವುದಂತೂ ಕೇಳಲೇಬೇಡಿ. ಎಲ್ಕಾನಾ ಸೂರ್ಯ ಮುಳುಗಲು ಎರಡು ಗಂಟೆಯಿರುವಾಗ ಹೊರಟು ನಲವತ್ಮೂರು ಹಂದಿಗಳನ್ನು ದೊಡ್ಡಿಗೆ ತುಂಬಿದ. ದೊಡ್ಡಿಯನ್ನು ಕಟ್ಟಿದ್ದು ಒಂದು ಡಜನ್‌ಗೆ. ಅದೂ ದೇವಾಲಯದ ಕಿಟಕಿಗೆ ತಾಗಿಕೊಂಡೇ.

ಭಾನುವಾರ ಪಾದ್ರಿ ಬಾಯಿ ತೆರೆದದ್ದಷ್ಟೇ ಕಂಡಿತು. ಬೆಳಗಿನ ಉಪದೇಶ ಎರಡು ಗಂಟೆ, ಮಧ್ಯಾಹ್ನದ್ದು ಎರಡು ಗಂಟೆ, ನಾಲ್ಕು ಗಂಟೆಯೂ ಹೊರಗಿನಿಂದ ನಲವತ್ಮೂರು ಗಂಟಲು ಉತ್ತರ ಕೊಟ್ಟವು. ಪಾದ್ರಿ ನರಕದ ಬೆಂಕಿಯ ವಿಷಯಕ್ಕೆ ಬಂದಾಗ ಹಂದಿಗಳು ಒಮ್ಮೆಲೇ ಕಿರುಚಿ, ಮುದುಕಿಯೊಬ್ಬಳು ಮೂರ್ಛೆ ಹೋದಳು. ಕ್ಯಾಪ್ಟನ್ ಪ್ಲಿಮ್ಲಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ.

"ಟ್ರಸ್ಕ್!" ಹೊರಗೆ ಬಂದ ಮೇಲೆ ಗಿರಣಿಯವನು ಅಡ್ಡಗಟ್ಟಿದ. "ಇವತ್ತು ಭಾನುವಾರ ಆಗಿದ್ದಕ್ಕೆ ಬದುಕಿದೆ ನೀನು. ಸೋಮವಾರ ಬೆಳಿಗ್ಗೆ ಬಾ ಹೇಳ್ತೀನಿ!"

"ಸೋಮವಾರ ಬೇಡ, ಮೇ ತಿಂಗಳ ಸಭೆಗೆ ಬಾ. ಬರೆದು ತಾ. ದೋಷಾರೋಪ ಅಂತ ಇದೆ ಕಾಗದದಲ್ಲಿ. ಹೊರಿಸು, ಕಿತ್ತು ಹಾಕು!" ಎಂದು ಎಲ್ಕಾನಾ ಎದೆ ತಟ್ಟಿಕೊಂಡ.

ಇಷ್ಟಾದರೂ ಒಂದು ಹಂದಿ ಮಾತ್ರ ಪೆಲ್ಬರಿಯ ಬೀದಿಯಲ್ಲಿ ಮೂಗಿಗೆ ಬಳೆಯಿಲ್ಲದೆ, ಕೊರಳಿಗೆ ನೊಗವಿಲ್ಲದೆ ಓಡಾಡಿಕೊಂಡಿತ್ತು. ದೊರೆಸಾನಿ. ಅದರ ಮೂಗು ಮುಟ್ಟಿದರೆ ಬಾಣಲೆ ಎಲ್ಲಿ ಬೀಳುತ್ತದೆ ಎಂದು ಕೆಜಾಯ ಮೊದಲೇ ತೋರಿಸಿಟ್ಟಿದ್ದಳು. ರಾಜನ ಸೈನ್ಯಕ್ಕೆ ಹೆದರದವನು ಬಾಣಲೆಗೆ ಹೆದರಿದ. ದೊರೆಸಾನಿ ಡೀಕನ್‌ನ ಬಟಾಣಿ ಮಡಿಯಲ್ಲಿ ಬೆಳಗಿನ ಉಪಾಹಾರ ಮುಗಿಸಿ ಬರುವುದನ್ನು ನೋಡಿದಾಗಲೆಲ್ಲ ಎಲ್ಕಾನಾ ಆಕಾಶ ನೋಡುತ್ತಿದ್ದ. ಡೀಕನ್ ತನ್ನ ಬಾಗಿಲ ಕಂಬದ ಮೇಲೆ ದಿನಕ್ಕೊಂದು ಗೆರೆ ಕೊರೆದಿಟ್ಟ.

ಮೇ ತಿಂಗಳ ಸಭೆಗೆ ಹೆಂಗಸರೂ ಬಂದು ಮೇಲಿನ ಅಟ್ಟದ ಸಾಲಿನಲ್ಲಿ ಕೂತರು. ಹೆಂಗಸರಿಗೆ ಮತವಿಲ್ಲ, ಮಾತಿಲ್ಲ, ನೋಡಲು ಅಡ್ಡಿಯಿಲ್ಲ. ಎಲ್ಕಾನಾ ಮತ್ತೆ ನೀಲಿ ಕೋಟು ತೊಟ್ಟಿದ್ದ. ಒಂದು ಗುಂಡಿ ಗಿರಣಿಯವನ ಹಂದಿಯ ಹೊಟ್ಟೆ ಸೇರಿತ್ತು.

ಡೀಕನ್ ಎದ್ದು ಕಂಬದ ಗೆರೆಗಳ ಪಟ್ಟಿಯನ್ನು ಓದಿದ. "ಊರಿನವರ ಹಂದಿಗಳೆಲ್ಲ ಒಳಗೆ. ಪಾರುಪತ್ಯಗಾರನ ಮನೆ ಹಂದಿ ಇಪ್ಪತ್ತಾರು ದಿನ ನನ್ನ ಬಟಾಣಿಯಲ್ಲಿ. ಕಾನೂನು ಎಲ್ಲರಿಗೂ ಒಂದೇ ಅಂದೋನು ಇವನು! ಪಕ್ಷಪಾತದ ದೋಷ ಹೊರಿಸ್ತೀನಿ."

"ನಾಚಿಕೆಗೇಡು!" ಎಂದು ಬೆಂಚುಗಳು ಗುಡುಗಿದವು.

"ಒಪ್ಪಿದೆ!" ಎಂದು ಎಲ್ಕಾನಾ ಅದಕ್ಕಿಂತ ಜೋರಾಗಿ ಕೂಗಿದ. ಮುಖ ಹೂವಿನಂತೆ ಅರಳಿತ್ತು. "ತಪ್ಪು ನನ್ನದೇ! ದೊಡ್ಡ ತಪ್ಪು! ಇಂಥವನು ಆ ಹುದ್ದೆಯಲ್ಲಿ ಒಂದು ಕ್ಷಣ ಇರಬಾರದು. ಬರ್ಕೊಳ್ಳಿ ಕ್ಯಾಪ್ಟನ್ರೇ, ಕಿತ್ತು ಹಾಕಿ, ಮುಂದಿನ ವಿಷಯಕ್ಕೆ ಬನ್ನಿ!"

ಕ್ಯಾಪ್ಟನ್ ಲೇಖನಿ ಎತ್ತಿದ. ಡೀಕನ್ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದ. ಅದೇ ನಾಲ್ಕು ಪುಟ. ಊರಿನಲ್ಲಿ ಎರಡನೇ ಪ್ರತಿಯೊಂದು ಇತ್ತೆಂದು ಎಲ್ಕಾನಾನಿಗೆ ಗೊತ್ತಾದದ್ದು ಆಗಲೇ.

"ಪೂರ್ತಿ ಓದಿಬಿಡೋಣ. ದೋಷ ಸಾಬೀತಾದವನನ್ನ ಹುದ್ದೆಯಿಂದ ತೆಗೆಯಬಹುದು. ಅಷ್ಟೇ ಅಲ್ಲ, ಗೌರವದ, ನಂಬಿಕೆಯ, ಲಾಭದ ಇನ್ಯಾವ ಹುದ್ದೆಗೂ ಅನರ್ಹ ಅಂತಲೂ ಮಾಡಬಹುದು. ಎಲ್ಕಾನಾ, ಇದು ಮೊದಲನೇ ವಿಧಿಯಲ್ಲೇ ಇದೆ. ನೀನು ಓದಿರ್ತೀಯ."

ಓದಿದ್ದ. ಆ ಸಾಲಿನ ಮೇಲೆ ಸೈಡರ್ ಚೆಲ್ಲಿದ ಕಲೆಯಿತ್ತು.

"ಒಪ್ಪಿಲ್ಲ!" ಎಂದು ಅರಚಿದ. "ನಾನು ನಿರಪರಾಧಿ! ಆ ಹಂದಿ ನನ್ನದೇ ಅಲ್ಲ! ನನ್ನ ಹೆಂಡತಿದು!"

"ಹೆಂಡತಿದೆಲ್ಲ ಗಂಡನದೇ ಅಂತಲ್ಲವೇನಯ್ಯಾ ಕಾನೂನು," ಎಂದ ಕ್ಯಾಪ್ಟನ್.

"ಯಾರು ಮಾಡಿದ್ದು ಆ ಕಾನೂನು?" ಎಂದು ಮೇಲಿನಿಂದ ದನಿ ಬಂತು. ಕೆಜಾಯ ಎದ್ದು ನಿಂತಿದ್ದಳು. ಕ್ಯಾಪ್ಟನ್ ಆ ಕಡೆಯ ಕಿವಿ ಕೇಳಿಸುವುದಿಲ್ಲವೆಂದು ಕೈಸನ್ನೆ ಮಾಡಿದ. ಅವಳು ಅಟ್ಟದ ಇನ್ನೊಂದು ತುದಿಗೆ ನಡೆದು ಹೋಗಿ ಮತ್ತೆ ಶುರು ಮಾಡಿದಳು. "ಮರಿಯಿದ್ದಾಗಿಂದ ಸಾಕಿದ್ದು ನಾನು. ತವರಿಂದ ಹೊತ್ತು ತಂದಿದ್ದು ನಾನು. ಅದು ಇವರದಾಗಿದ್ದು ಯಾವಾಗ? ನನ್ನ ಒಪ್ಪಿಗೆ ಯಾರು ಕೇಳಿದ್ರಿ? ಒಪ್ಪಿಗೆ ಒಪ್ಪಿಗೆ ಅಂತ ಎಂಟು ವರ್ಷ ಗುಂಡು ಹಾರಿಸಿದ್ರಲ್ಲ, ಆ ಒಪ್ಪಿಗೆ ಈ ಅಟ್ಟದ ಮೆಟ್ಟಿಲು ಹತ್ತಲಿಲ್ವಾ?"

ಮೇಲಿನ ಸಾಲಿನ ಹೆಂಗಸರು ತಮ್ಮ ತಮ್ಮ ಗಂಡಂದಿರ ತಲೆಗಳನ್ನೇ ನೋಡುತ್ತ ಕೂತಿದ್ದರು. ಕ್ಯಾಪ್ಟನ್ ಅವಸರವಾಗಿ ಸುತ್ತಿಗೆ ಬಡಿದು, ಎರಡೂ ಕಿವಿ ಕೆಟ್ಟವನಂತೆ ತೀರ್ಪು ಓದಿದ: ಎಲ್ಕಾನಾನನ್ನು ಕಿತ್ತು ಹಾಕುವುದಿಲ್ಲ, ಪಾರುಪತ್ಯ ವರ್ಷವಿಡೀ ಅವನದೇ, ದೊರೆಸಾನಿಯ ಮೂಗಿಗೆ ಇವತ್ತೇ ಬಳೆ. ಪಾರುಪತ್ಯಗಾರ ಪ್ರತಿನಿಧಿಯಾಗುವಂತಿಲ್ಲ ಎಂಬುದು ಹಿಂದೆಯೇ ತೀರ್ಮಾನವಾದ ವಿಷಯ. ಕಾಂಕರ್ಡ್‌ಗೆ ಡೀಕನ್ ಶೂಬಲ್ ಗಿಲ್.

ಸಂಜೆ ಬಳೆ ಹಾಕುವಾಗ ಕೆಜಾಯ ದೊರೆಸಾನಿಯ ಕಿವಿ ಹಿಡಿದು ಕೂತಳು. ಹಂದಿ ಊರು ಕಿತ್ತುಹೋಗುವಂತೆ ಕೂಗಿತು. ಕೆಜಾಯ ಅಳಲಿಲ್ಲ, ಬಾಣಲೆಯನ್ನೂ ಎತ್ತಲಿಲ್ಲ.

"ನಿಮ್ಮದು ಹೋಯ್ತು, ನನ್ನದೂ ಹೋಯ್ತು," ಎಂದಳು. "ಆ ಡೀಕನ್‌ನನ್ನ ಸುಮ್ಮನೆ ಬಿಡಬೇಡಿ ಅಷ್ಟೇ."

ಬಿಡದೆ ಏನು ಮಾಡುವುದು? ಡೀಕನ್ ಕಾಂಕರ್ಡ್‌ಗೆ ಹೋದ. ಜೂನ್ ಕೊನೆಗೆ ಸುದ್ದಿ ಬಂತು: ನ್ಯೂ ಹ್ಯಾಂಪ್‌ಶೈರ್ ಒಪ್ಪಿಗೆ ಕೊಟ್ಟಿದೆ, ಒಂಬತ್ತನೆಯ ರಾಜ್ಯ, ಒಂಬತ್ತು ಒಪ್ಪಿದರೆ ಸಾಕಿತ್ತು, ಇನ್ನು ಹೊಸ ಸರ್ಕಾರ ಆದಂತೆಯೇ. ದೇವಾಲಯದ ಗಂಟೆ ಬಾರಿಸಿದರು. ಎಲ್ಕಾನಾನೂ ಹಗ್ಗಕ್ಕೆ ಕೈ ಹಾಕಿ, ಹಗ್ಗ ಹರಿಯುವಂತೆ ಎಳೆದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಗಿರಣಿಯವನು ನೋಡಿ, ಆ ದಿನ ಮಾತ್ರ ತಾನೂ ಬಂದು ಹಗ್ಗ ಹಿಡಿದ.

ಅದೇ ವಾರ ಹೆಂಡದಂಗಡಿಗೆ ಬಂದ ದಾರಿಹೋಕ ವ್ಯಾಪಾರಿ ಎಲ್ಲರೆದುರು ವರದಿ ಒಪ್ಪಿಸಿದ. "ನಿಮ್ಮೂರಿನ ಡೀಕನ್ ಏನು ಮಾತಾಡಿದ್ರು ಸ್ವಾಮಿ! ಹದಿಮೂರು ಹಲಗೆಯಂತೆ, ಒಂದು ಬಳೆಯಂತೆ, ಬಿಗಿದ್ರೆ ಸಮುದ್ರಾನೇ ತುಂಬಬಹುದಂತೆ! ಕೊನೆಗೆ ಮೇಜಿನ ಮೇಲೆ ಒಂದು ಗುದ್ದು. ಎದ್ದು ನಿಂತು ಚಪ್ಪಾಳೆ ಹೊಡೆದ್ರು ಜನ!"

ಎಲ್ಕಾನಾ ಲೋಟ ಕೆಳಗಿಟ್ಟು ಮನೆಗೆ ಹೋಗಿ ಒಂದು ಹೊಚ್ಚ ಹೊಸ ಪೀಪಾಯಿಯನ್ನು ಒಡೆದು ಸೌದೆ ಮಾಡಿದ. ಹತ್ತೊಂಬತ್ತು ಹಲಗೆ. ಪೀಪಾಯಿಗೆ ಹದಿಮೂರು ಹಲಗೆ ಎಂದೂ ಸಾಲುವುದಿಲ್ಲ, ಅದು ಪೀಪಾಯಿಯವನಿಗೆ ಮಾತ್ರ ಗೊತ್ತಿರುವ ಸತ್ಯ.

ಡೀಕನ್ ಜುಲೈ ಹತ್ತಕ್ಕೆ ಬಂದ. ಒಬ್ಬನೇ ಬರಲಿಲ್ಲ. ಗಾಡಿಯಲ್ಲಿ ಪಕ್ಕದಲ್ಲಿ ಹಸಿರು ಟೊಪ್ಪಿಯ ಹೆಂಗಸೊಬ್ಬಳು ಕೂತಿದ್ದಳು. ಕಾಂಕರ್ಡ್‌ನಲ್ಲಿ ಅವನು ಇಳಿದುಕೊಂಡಿದ್ದ ಮನೆಯ ಒಡತಿಯ ತಂಗಿ. ಭಾಷಣದ ದಿನ ಕೇಳಲು ಬಂದು, ಚಪ್ಪಾಳೆಯ ಸದ್ದಿಗೆ ಮನಸೋತು, ಎರಡೇ ವಾರದಲ್ಲಿ ಮದುವೆಯಾಗಿದ್ದಳು.

ಎಲ್ಕಾನಾ ಬೇಲಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದ. ಹಲ್ಲು ಕಡಿಯುವುದು ತಾನಾಗಿ ನಿಂತಿತು. ಒಳಗೆ ಹೋಗಿ ಪಂಚಾಂಗ ತೆಗೆದು, ಮಾರ್ಚಿಗೆ ಎಷ್ಟು ದಿನ ಎಂದು ಎಣಿಸಿದ. ಎಂಟು ತಿಂಗಳು ಅವನು ಹಂದಿಗಳ ಮೇಲೆ ಕೂಗಾಡಲಿಲ್ಲ. ಅವನಿಗೆ ಕಾಯಿಲೆಯೋ ಏನೋ ಎಂದು ಊರು ಚಿಂತೆ ಮಾಡಿತು.

ಮಾರ್ಚ್‌ನ ಎರಡನೇ ಮಂಗಳವಾರ ಡೀಕನ್ ರೇಷ್ಮೆ ಕೊರಳಪಟ್ಟಿ ಕಟ್ಟಿಕೊಂಡು ಬಂದ. ರಾಜ್ಯದ ಶಾಸನ ಸಭೆಗೆ ಊರಿನಿಂದ ಒಬ್ಬನನ್ನು ಆರಿಸುವುದಿತ್ತು. ಕಾಂಕರ್ಡ್ ಗೆದ್ದು ಬಂದವನಲ್ಲದೆ ಇನ್ನಾರು? ಹೊಸ ಹೆಂಡತಿ ಅಟ್ಟದ ಮೊದಲ ಸಾಲಿನಲ್ಲಿ ಹಸಿರು ಟೊಪ್ಪಿ ಹಾಕಿಕೊಂಡು ಕೂತಿದ್ದಳು. ಬೇಲಿ ಮುಗಿಯಿತು, ಸೌದೆ ಮುಗಿಯಿತು, ದೊಡ್ಡಿ ಮುಗಿಯಿತು.

"ಹಂದಿ ಪಾರುಪತ್ಯಗಾರ," ಎಂದ ಕ್ಯಾಪ್ಟನ್.

ಎಲ್ಕಾನಾ ಬೆಂಚು ಹತ್ತಿದ. "ಡೀಕನ್ ಶೂಬಲ್ ಗಿಲ್!"

ಗಿರಣಿಯವನು ನಗುವನ್ನು ತಡೆಯಲಾರದೆ, "ಗಿಲ್! ಗಿಲ್!" ಎಂದು ಬೊಬ್ಬೆ ಹೊಡೆದ. ಸಭೆ ಎದ್ದು ಕುಣಿಯಿತು. ಡೀಕನ್ ಬೆಳ್ಳಗಾಗಿ, "ನನ್ನನ್ನ? ನಾನು ಪ್ರತಿನಿಧಿಯಾಗಿದ್ದವನು ಕಣ್ರಯ್ಯಾ! ಶಾಸನ ಸಭೆಗೆ ನಿಲ್ಲೋನು!" ಎಂದ.

"ಹೌದಲ್ಲಾ," ಎಂದು ಎಲ್ಕಾನಾ ಅಂಗಿಯೊಳಗಿಂದ ಆ ನಾಲ್ಕು ಪುಟ ತೆಗೆದ. ಈಗ ಅದು ದೇಶದ ಕಾನೂನು. "ಒಬ್ಬನ ಕೈಲಿ ಎರಡು ಅಧಿಕಾರ! ನನಗೇನೋ ಭಯ ಆಗುತ್ತಪ್ಪ. ಕ್ಯಾಪ್ಟನ್ರೇ, ಹಿಂದೆ ಯಾರೋ ಇದರ ಮೇಲೆ ತೀರ್ಪು ಕೊಟ್ಟ ನೆನಪು."

ಕ್ಯಾಪ್ಟನ್ ಹಳೆಯ ಪುಸ್ತಕ ತಿರುವಿ ಹಾಕಿ, ತಾನೇ ಬರೆದದ್ದನ್ನು ಬೆರಳಿಟ್ಟು ಓದಿ, ನಿಟ್ಟುಸಿರು ಬಿಟ್ಟ. "ಇದೆಯಪ್ಪ. ಹಾಗೇ ಇದೆ."

ಎಲ್ಕಾನಾನಿಗೆ ಶಾಸನ ಸಭೆಯ ಸ್ಥಾನ ಸಿಕ್ಕಿತೆಂದು ಯಾರೂ ತಿಳಿಯಬಾರದು. ಒಂದು ವರ್ಷ ಹಂದಿ ಕಳಕೊಂಡ ಊರು ಅವನಿಗೆ ಮತ ಹಾಕುವುದುಂಟೇ? ಅದು ಮದುವೆಯನ್ನೇ ಆಗದ ಗಿರಣಿಯವನಿಗೆ ಹೋಯಿತು. ಎಲ್ಕಾನಾ ಮನೆಯ ದಾರಿಯುದ್ದಕ್ಕೂ ಊರಿನ ಏಳು ತಲೆಮಾರನ್ನೂ ಬೈದುಕೊಂಡೇ ಬಂದ. ಆದರೆ ಇಕ್ಕಳ, ತಂತಿಯ ಸುರುಳಿ, ಹಗ್ಗ ಎಲ್ಲವನ್ನೂ ತಾನೇ ಡೀಕನ್‌ನ ಬಾಗಿಲಿಗೆ ಒಯ್ದು, ಮೂರು ಸಲ ತಟ್ಟಿ, ಕೈಗೆ ಕೊಟ್ಟ.

ಹಿಂದಿರುಗಿದಾಗ ಕೆಜಾಯ ಹಂದಿಗೂಡಿನ ಮುಂದೆ ಕೂತಿದ್ದಳು. ಇನ್ನೊಂದು ಇಕ್ಕಳ ಅವಳ ಕೈಯಲ್ಲಿತ್ತು. ದೊರೆಸಾನಿಯ ಮೂಗಿನ ಬಳೆ ತುಂಡಾಗಿ ಕೆಸರಿನಲ್ಲಿ ಬಿದ್ದಿತ್ತು. ಅವಳು ಎದ್ದು ಬೇಲಿಯ ಅಡ್ಡಗಳನ್ನು ತೆಗೆದು, ಹಂದಿಯ ಬೆನ್ನಿಗೆ ಪ್ರೀತಿಯಿಂದ ಒಂದು ಸಲ ತಟ್ಟಿದಳು.

"ಹೋಗು ನಮ್ಮಮ್ಮ," ಎಂದಳು. "ಡೀಕನ್ ಮನೆ ದಾರಿ ಗೊತ್ತಲ್ಲ."